ಸಿಯುಇಟಿ ಇತಿಹಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಯು ಮುಗಿಸಿ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪದವಿ ಓದಬೇಕೆನ್ನುವವರು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಭಾಗಕ್ಕೆ ಹತ್ತಿರವಿರುವ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ದಾರಿ ಇದೇ. ಪರೀಕ್ಷೆಯ ಇತಿಹಾಸ ಪತ್ರಿಕೆಯ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಂಟನೇ ತರಗತಿಯ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆಯೂ ಒಂದು ಪ್ರಶ್ನೆ ಇದೆ.

ದ್ವಿತೀಯ ಪಿಯು ಇತಿಹಾಸದಲ್ಲಿ ತೊಂಬತ್ತು ದಾಟುವ ನಮ್ಮ ವಿದ್ಯಾರ್ಥಿಗಳು ಸಿಯುಇಟಿಯಲ್ಲಿ ಅರ್ಧಕ್ಕೇ ನಿಲ್ಲುತ್ತಾರೆ. ಪುಸ್ತಕ ಪೂರ್ತಿ ಬಾಯಿಪಾಠ ಇದೆ. ಎಲ್ಲಿ ತಪ್ಪುತ್ತಿದ್ದೇವೆ?
(ಇತಿಹಾಸ ಉಪನ್ಯಾಸಕಿ, ಸಿಂಧನೂರು)

ಅವರು ಬಾಯಿಪಾಠ ಮಾಡಿರುವ ಪುಸ್ತಕವೇ ಬೇರೆ, ಮೇಡಂ. ನಮ್ಮ ಪಿಯು ಪುಸ್ತಕ ಶಾತವಾಹನ, ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ ಎಂದು ರಾಜವಂಶಗಳ ಸಾಲು ಹಿಡಿದು ಹೋಗುತ್ತದೆ. ಸಿಯುಇಟಿಗೆ ಆಧಾರ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ 12ನೇ ತರಗತಿಯ ಇತಿಹಾಸ. ಅಲ್ಲಿ ಪಾಠಗಳು ನಿಂತಿರುವುದು ವಂಶಗಳ ಮೇಲಲ್ಲ, ಆಕರಗಳ ಮೇಲೆ. ಸಿಯುಇಟಿ ಪಠ್ಯಕ್ರಮದ ಘಟಕಗಳ ಹೆಸರನ್ನೇ ನೋಡಿ: ಶಾಸನಗಳ ಮೂಲಕ ರಾಜಕೀಯ ಮತ್ತು ಆರ್ಥಿಕ ಇತಿಹಾಸ, ಐನ್-ಇ-ಅಕ್ಬರಿಯ (ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ಗ್ರಂಥ) ಮೂಲಕ ಕೃಷಿ ಸಂಬಂಧಗಳು, ಪ್ರವಾಸಿಗರ ಬರಹಗಳ ಮೂಲಕ ಮಧ್ಯಯುಗದ ಸಮಾಜ, ಸರ್ಕಾರಿ ವರದಿಗಳ ಮೂಲಕ ವಸಾಹತು ಕಾಲದ ಹಳ್ಳಿ. ಒಂದು ಸಂಗತಿ ನಮಗೆ ಗೊತ್ತಾದದ್ದು ಹೇಗೆ, ಅದನ್ನು ಹೇಳಿದವರು ಯಾರು, ಅವರ ಮಾತನ್ನು ಎಷ್ಟು ನಂಬಬಹುದು ಎಂಬುದೇ ಅಲ್ಲಿನ ಪ್ರಶ್ನೆ. ರಾಜನ ಸಾಧನೆಗಳನ್ನು ಹತ್ತು ಅಂಕಕ್ಕೆ ಬರೆದು ಅಭ್ಯಾಸವಾದ ಹುಡುಗರಿಗೆ ಇದು ಹೊಸದು.

ಆದ್ದರಿಂದ ನೋಟ್ಸ್ ಬರೆಸುವ ಬದಲು ಪ್ರತಿ ಪಾಠಕ್ಕೂ ಐದು ಕಾಲಂಗಳ ಒಂದು ಪಟ್ಟಿ ಮಾಡಿಸಿ. ಆಕರ ಯಾವುದು, ಯಾರು ಬರೆದರು ಅಥವಾ ಬರೆಸಿದರು, ಯಾವಾಗ, ಅದು ಏನು ಹೇಳುತ್ತದೆ, ಎಲ್ಲಿ ಅದನ್ನು ಅನುಮಾನಿಸಬೇಕು. ವಿದ್ಯಾರ್ಥಿಗಳು ಐದನೆಯದನ್ನು ಖಾಲಿ ಬಿಡುತ್ತಾರೆ, ಅಂಕ ಹೋಗುವುದೂ ಅಲ್ಲಿಯೇ. ಉದಾಹರಣೆಗೆ, 1813ರ ಐದನೇ ವರದಿ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ್ದು, 1002 ಪುಟ, ಅದರಲ್ಲಿ 800ಕ್ಕೂ ಹೆಚ್ಚು ಅನುಬಂಧ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಹಳೆಯ ಜಮೀನ್ದಾರರು ಕುಸಿದುಬಿದ್ದದ್ದನ್ನು ಅದು ಇದ್ದದ್ದಕ್ಕಿಂತ ಹಿಗ್ಗಿಸಿ ಹೇಳಿತು ಎಂಬುದು ಐದನೇ ಕಾಲಂಗೆ ಬರಬೇಕು. 1875ರ ದಖನ್ ದಂಗೆಗಳ ಆಯೋಗವೂ ಹಾಗೆಯೇ: ರೈತರ ಸಿಟ್ಟಿಗೆ ಸರ್ಕಾರದ ಕಂದಾಯ ಕಾರಣವಲ್ಲ, ಸಾಹುಕಾರರೇ ಕಾರಣ ಎಂದು ಅದು ತೀರ್ಮಾನಿಸಿತು. ವರದಿ ಬರೆಸಿದ್ದು ಸರ್ಕಾರವೇ ಎಂಬುದನ್ನು ನೆನಪಿಟ್ಟವನಿಗೆ ಉತ್ತರ ಸುಲಭ.

ಸಮಯದ ಲೆಕ್ಕ ಹೀಗಿಡಿ. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 12 ಪಾಠಗಳಿವೆ. ಒಂದಕ್ಕೆ 8 ಗಂಟೆ: ಓದಲು 3, ಪಟ್ಟಿಗೆ 2, ಪ್ರಶ್ನೆ ಬಿಡಿಸಲು 2, ತಪ್ಪುಗಳನ್ನು ತಿರುಗಿ ನೋಡಲು 1. ಒಟ್ಟು 96 ಗಂಟೆ. ವಾರಕ್ಕೆ 4 ಗಂಟೆಯಂತೆ 24 ವಾರ ಬೇಕು. ಜೂನ್ ಮಧ್ಯಕ್ಕೆ ಹಿಡಿದರೆ ನವೆಂಬರ್ ಕೊನೆಗೆ ಮುಗಿಯುತ್ತದೆ, ಆಮೇಲೆ ಪಿಯು ಪರೀಕ್ಷೆಗೆ ಪೂರ್ತಿ ಗಮನ ಕೊಡಬಹುದು. ಪಿಯು ಪರೀಕ್ಷೆ ಮುಗಿದ ಮೇಲೆ ಪುನರಾವರ್ತನೆ ಮಾತ್ರ ಉಳಿಯಬೇಕು. ಮಾರ್ಚ್ ಕಳೆದ ಮೇಲೆ ಮೊದಲ ಪಾಠ ತೆರೆಯುವವರು ಆರು ಪಾಠ ದಾಟುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮೊಘಲ್ ದರ್ಬಾರು, ವಸಾಹತು ಕಾಲದ ನಗರಗಳು, ದೇಶ ವಿಭಜನೆ, ಈ ಮೂರು ಪಾಠಗಳನ್ನು ಎನ್‌ಸಿಇಆರ್‌ಟಿ ಇತ್ತೀಚಿನ ಪರಿಷ್ಕರಣೆಯಲ್ಲಿ ತೆಗೆದಿದೆ. ಆದರೆ 15 ಘಟಕಗಳ ಸಿಯುಇಟಿ ಪಠ್ಯಕ್ರಮದಲ್ಲಿ ಅವು ಇದ್ದವು. ನಿಮ್ಮ ವರ್ಷದ ಪಠ್ಯಕ್ರಮವನ್ನು ಪರೀಕ್ಷೆ ನಡೆಸುವ ಎನ್‌ಟಿಎ ಜಾಲತಾಣದಿಂದ ಇಳಿಸಿಕೊಂಡು ಪುಸ್ತಕದ ಪರಿವಿಡಿಯ ಪಕ್ಕ ಇಟ್ಟು ನೋಡಿ. ಆ ಘಟಕಗಳು ಇದ್ದರೆ ಗ್ರಂಥಾಲಯದಿಂದ ಹಳೆಯ ಮುದ್ರಣ ತರಿಸಿ.

ನಾನು ಕನ್ನಡ ಮಾಧ್ಯಮ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ ಅಂತಾರೆ, ಆದರೆ ಪುಸ್ತಕ ಇಂಗ್ಲಿಷಿನಲ್ಲಿದೆ. ಹೇಗೆ ಓದಲಿ ಸರ್?
(ವಿದ್ಯಾರ್ಥಿ, ಗಂಗಾವತಿ)

ಸಿಯುಇಟಿ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿದೆ. ಅರ್ಜಿ ತುಂಬುವಾಗಲೇ ಮಾಧ್ಯಮ ಆರಿಸಬೇಕು.

ಇಂಗ್ಲಿಷ್ ಪುಸ್ತಕವನ್ನು ಮೊದಲ ಪುಟದಿಂದ ಡಿಕ್ಷನರಿ ಹಿಡಿದು ಓದಲು ಹೋಗಬೇಡಿ, ಹತ್ತು ಪುಟಕ್ಕೆ ಸುಸ್ತಾಗುತ್ತೀರಿ. ಮೊದಲು ಪಾಠದ ಚಿತ್ರಗಳು, ನಕ್ಷೆಗಳು, ಅವುಗಳ ಕೆಳಗಿನ ಸಾಲುಗಳು. ಆಮೇಲೆ ಬಣ್ಣದ ಚೌಕಗಳಲ್ಲಿರುವ ಆಕರದ ತುಣುಕುಗಳು. ಮೂರನೆಯದಾಗಿ ಪಾಠದ ಕೊನೆಯ ಕಾಲಾನುಕ್ರಮ ಪಟ್ಟಿ. ಮುಖ್ಯ ಪಾಠ ಓದುವುದು ಇವೆಲ್ಲ ಆದ ಮೇಲೆ. ಆಗ ಅರ್ಧ ವಿಷಯ ಮೊದಲೇ ತಿಳಿದಿರುತ್ತದೆ, ಗೊತ್ತಿಲ್ಲದ ಪದವೂ ಅರ್ಥ ಬಿಟ್ಟುಕೊಡುತ್ತದೆ.

ನಿಜವಾದ ತೊಡಕು ಇಂಗ್ಲಿಷ್ ಪದಗಳಲ್ಲ, ಮೊಘಲ್ ಕಂದಾಯದ ಪದಗಳು. ಅವು ಕನ್ನಡ ಪತ್ರಿಕೆಯಲ್ಲೂ ಹಾಗೇ ಬರುತ್ತವೆ, ಕೆಲವು ನಮಗೆ ಗೊತ್ತಿರುವ ಪದದಂತೆ ಕಂಡು ಮೋಸ ಮಾಡುತ್ತವೆ. 'ಜಮಾ' ತೆಗೆದುಕೊಳ್ಳಿ. ಬ್ಯಾಂಕಿನಲ್ಲಿ 'ದುಡ್ಡು ಜಮಾ ಆಯಿತು' ಎಂದರೆ ಕೈಸೇರಿತು ಎಂದೇ ನಮ್ಮ ಅರ್ಥ. ಮೊಘಲರ ಲೆಕ್ಕದಲ್ಲಿ ಜಮಾ ಎಂದರೆ ಕಟ್ಟಬೇಕೆಂದು ಗೊತ್ತುಪಡಿಸಿದ ಕಂದಾಯ. ನಿಜವಾಗಿ ವಸೂಲಾದದ್ದು 'ಹಾಸಿಲ್'. ಕನ್ನಡ ಮಾಧ್ಯಮದವರು ಇವೆರಡನ್ನು ಅದಲುಬದಲು ಮಾಡುವುದು ಓದದೆ ಅಲ್ಲ, ಮನೆಮಾತಿನ ಅರ್ಥ ಅಡ್ಡ ಬರುವುದರಿಂದ. ಇಂಥ ಪದಗಳಿಗೆ ಕೆಂಪು ಶಾಯಿಯಲ್ಲಿ ಬೇರೆ ಪುಟ ಇಡಿ.

ಜಮೀನಿನ ನಾಲ್ಕು ವರ್ಗಗಳನ್ನು ಹೊಲದ ಮಾತಿನಲ್ಲೇ ಕಲಿಯಿರಿ. ಪೋಲಜ್: ಪ್ರತಿ ವರ್ಷ ಬಿತ್ತುವ, ಎಂದೂ ಬೀಳು ಬಿಡದ ಹೊಲ. ಪರೌತಿ: ಸಾರ ಮರಳಿ ಬರಲಿ ಎಂದು ಕೆಲಕಾಲ ಬಿಟ್ಟದ್ದು. ಚಾಚರ್: ಮೂರು ನಾಲ್ಕು ವರ್ಷ ಬೀಳು ಬಿದ್ದದ್ದು. ಬಂಜರ್: ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬಿತ್ತದ್ದು. 'ಬಂಜರು' ನಮ್ಮಲ್ಲೂ ಇದೆ, ಆದರೆ ನಾವು ಬೆಳೆಯೇ ಬರದ ನೆಲಕ್ಕೆ ಹೇಳುತ್ತೇವೆ. ಅಲ್ಲಿ ಅಳತೆ ವರ್ಷದ್ದು. ಹಾಗೆಯೇ ಖುದ್‌ಕಾಶ್ತ ಎಂದರೆ ತನ್ನೂರಲ್ಲೇ ಉಳುವವನು, ಪಾಹಿಕಾಶ್ತ ಎಂದರೆ ಬೇರೆ ಊರಿನಿಂದ ಬಂದು ಕರಾರಿನ ಮೇಲೆ ಉಳುವವನು.

ಐನ್ ಬಗ್ಗೆ ಒಂದು ಗಂಟು ಬಿಡಿಸಿಕೊಳ್ಳಿ. ಅಕ್ಬರ್‌ನಾಮಾಕ್ಕೆ ಮೂರು ಸಂಪುಟ, ಅದರ ಮೂರನೆಯದೇ ಐನ್. ಆ ಐನ್‌ನೊಳಗೆ ಐದು ಭಾಗ. ಅದು ಐದು ಬಾರಿ ಪರಿಷ್ಕರಣೆಗೊಂಡು ಮುಗಿದದ್ದು 1598ರಲ್ಲಿ, ಅಕ್ಬರನ ಆಳ್ವಿಕೆಯ 42ನೇ ವರ್ಷ. ಆಯ್ಕೆಗಳಲ್ಲಿ ಮೂರು, ಐದು ಎರಡೂ ಇರುತ್ತವೆ. ಪ್ರಶ್ನೆ ಯಾವುದರ ಬಗ್ಗೆ ಎಂದು ನೋಡದೆ ಒತ್ತಿದರೆ ತಪ್ಪು.

ಹಂಪಿ ನಮಗೆ ಪಕ್ಕದಲ್ಲೇ ಇದೆ. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತೇವೆ. ಆದರೂ ಹಂಪಿ ಪಾಠದ ಪ್ರಶ್ನೆಗಳನ್ನೇ ತಪ್ಪು ಮಾಡುತ್ತಾರೆ.
(ಶಿಕ್ಷಕರು, ಕಂಪ್ಲಿ)

ಹತ್ತಿರ ಇರುವುದೇ ಕೆಲವೊಮ್ಮೆ ತೊಡಕು, ಸರ್. ಕೇಳಿ ಬೆಳೆದ ಕಥೆಗಳು ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತವೆ. 'ಇದು ರಾಜನ ಅರಮನೆ, ಇದು ರಾಣಿಯ ಮಹಲು' ಎಂದು ಊರಲ್ಲಿ ಎಲ್ಲರೂ ಖಚಿತವಾಗಿ ಹೇಳುತ್ತಾರೆ. ಪಠ್ಯ ಹಾಗೆ ಹೇಳುವುದಿಲ್ಲ. 'ರಾಜನ ಅರಮನೆ' ಎನ್ನುವುದು ಅಲ್ಲಿನ ಆವರಣಗಳಲ್ಲೇ ದೊಡ್ಡದು, ಆದರೆ ರಾಜ ಅಲ್ಲಿ ವಾಸವಿದ್ದ ಎನ್ನಲು ಖಚಿತ ಪುರಾವೆ ಸಿಕ್ಕಿಲ್ಲ ಎನ್ನುತ್ತದೆ. ಕಮಲ ಮಹಲ್ ಎಂಬ ಹೆಸರು 19ನೇ ಶತಮಾನದ ಬ್ರಿಟಿಷ್ ಪ್ರವಾಸಿಗರು ಇಟ್ಟದ್ದು. ಅದು ಮಂತ್ರಾಲೋಚನೆಯ ಸಭಾಂಗಣ ಆಗಿರಬಹುದು ಎಂಬ ಸೂಚನೆ, ಹಂಪಿಯ ಮೊದಲ ಸರ್ವೆ ಮಾಡಿದ ಮೆಕೆಂಜಿಯ ನಕ್ಷೆಯಿಂದ ಬರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಈ 'ಇರಬಹುದು'ಗಳನ್ನೇ.

ಪ್ರವಾಸದ ಕ್ರಮ ಬದಲಾಯಿಸಿ. ಶುರು ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಿಂದ. ಅಲ್ಲಿ ಹಂಪಿಯ ಪ್ರತಿಕೃತಿ ಇದೆ. ಬೆಟ್ಟ, ಹೊಳೆ, ಕೋಟೆ ಹೇಗೆ ಹೆಣೆದುಕೊಂಡಿವೆ ಎಂದು ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಶುಕ್ರವಾರ ರಜೆ, ಅಂದು ಹೋಗಬೇಡಿ. ಎರಡನೆಯದು ಕಮಲಾಪುರದ ಕೆರೆ, 15ನೇ ಶತಮಾನದ ಮೊದಲ ವರ್ಷಗಳದ್ದು. ಒಣ ಪ್ರದೇಶದಲ್ಲಿ ರಾಜಧಾನಿ ಬದುಕಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಮೂರನೆಯದು ದಾರಿಯಲ್ಲಿ ಸಿಗುವ ಕೋಟೆಗೋಡೆ. ಬಸ್ ನಿಲ್ಲಿಸಿ, ಗೋಡೆಯ ಒಳಗೆ ಏನಿದೆ ಎಂದು ಕೇಳಿ. ಬಾಳೆತೋಟ, ಗದ್ದೆ ಕಾಣುತ್ತವೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನೂ ಅದರ ನಡುವಿನ ಹೊಲ, ತೋಟಗಳನ್ನೂ ಬರೆದಿದ್ದಾನೆ. ಮುತ್ತಿಗೆ ತಿಂಗಳುಗಟ್ಟಲೆ ಎಳೆದರೆ ಊರು ಉಪವಾಸ ಬೀಳಬಾರದು, ಅದಕ್ಕೇ ಹೊಲವನ್ನೂ ಒಳಗೆ ಸೇರಿಸಿ ಕೋಟೆ ಕಟ್ಟಿದರು. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಹೇಳಿಕೆ-ಕಾರಣದ ಪ್ರಶ್ನೆಯಲ್ಲಿ (ಹೇಳಿಕೆಗೆ ಕೊಟ್ಟ ಕಾರಣ ಸರಿಯೇ ಎಂದು ಕೇಳುವುದು) ತಪ್ಪುವುದಿಲ್ಲ. ಮಹಾನವಮಿ ದಿಬ್ಬ (ತಳ ಸುಮಾರು 11,000 ಚದರ ಅಡಿ, ಎತ್ತರ 40 ಅಡಿ), ಹಜಾರರಾಮ, ವಿರೂಪಾಕ್ಷ ಆಮೇಲೆ.

ಹೋಗುವ ಮುಂಚೆ ಶಾಲೆಯ ಮೈದಾನದಲ್ಲಿ ಒಂದು ಗಂಟೆಯ ಕೆಲಸ ಮಾಡಿಸಿ. ಹಂಪಿಯ ನಕ್ಷೆ ಮಾಡಿದವರು ಇಡೀ ಪ್ರದೇಶವನ್ನು 25 ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ ಕೊಟ್ಟರು, ಪ್ರತಿ ಚೌಕವನ್ನು ಮತ್ತೆ ಇನ್ನೂ ಚಿಕ್ಕ ಚೌಕಗಳಾಗಿ ಒಡೆದರು. ಹಗ್ಗ, ಸುಣ್ಣದ ಪುಡಿ ತೆಗೆದುಕೊಂಡು ಮೈದಾನದಲ್ಲಿ ಐದಕ್ಕೆ ಐದು ಚೌಕ ಹಾಕಿಸಿ. ಪ್ರತಿ ಚೌಕದಲ್ಲಿರುವ ಕಲ್ಲು, ಗಿಡ, ನಲ್ಲಿ ಗುರುತಿಸಿ ಪಟ್ಟಿ ಮಾಡಲಿ. ಪಾಠದ ಆ ಪುಟ ಮತ್ತೆ ಮರೆಯುವುದಿಲ್ಲ.

ಹಂಪಿಯ ಕಾಲಾನುಕ್ರಮದ ಪ್ರಶ್ನೆಗೆ ಎರಡು ಸಾಲು ಸಾಕು. ಬಂದವರು: ನಿಕೊಲೊ ಕಾಂಟಿ, ಅಬ್ದುರ್ ರಜಾಕ್, ಪಾಯಸ್, ನೂನಿಜ್. ಹುಡುಕಿ ದಾಖಲಿಸಿದವರು: 1800 ಕಾಲಿನ್ ಮೆಕೆಂಜಿಯ ಮೊದಲ ಸರ್ವೆ ನಕ್ಷೆ, 1856 ಗ್ರೀನ್‌ಲಾನ ಛಾಯಾಚಿತ್ರಗಳು, 1876 ಫ್ಲೀಟ್‌ನ ಶಾಸನ ಕೆಲಸ, 1976 ರಾಷ್ಟ್ರೀಯ ಮಹತ್ವದ ತಾಣ, 1986 ಯುನೆಸ್ಕೊ ಪಟ್ಟಿ.

ಹಂಪಿಗಷ್ಟೇ ನಿಲ್ಲಬೇಡಿ. ಸಾಧ್ಯವಾದರೆ ಒಂದು ದಿನ ಮಸ್ಕಿಗೂ ಹೋಗಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡ ಆ ಶಾಸನದಲ್ಲಿ 'ದೇವಾನಾಂಪ್ರಿಯ' ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದೆ. ಬಹುಪಾಲು ಶಾಸನಗಳಲ್ಲಿ ಇರುವುದು ಬಿರುದು ಮಾತ್ರ. ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳದ ಶಾಸನಗಳಲ್ಲೂ ಹೆಸರು ಸಿಗುತ್ತದೆ. ಕೊಪ್ಪಳದವರಿಗೆ ಗವಿಮಠದ ಬೆಟ್ಟ, ಪಾಲ್ಕಿಗುಂಡು ಊರಲ್ಲೇ ಇವೆ. ಬಂಡೆಯ ಮುಂದೆ ನಿಂತಾಗ ಮೂರನ್ನು ಕೇಳಿ: ಲಿಪಿ ಯಾವುದು? ಬ್ರಾಹ್ಮಿ. ಭಾಷೆ ಯಾವುದು? ಪ್ರಾಕೃತ, ಹಳಗನ್ನಡ ಅಲ್ಲ; ಎಷ್ಟೋ ಮಕ್ಕಳು ಕನ್ನಡ ಎಂದೇ ತಿಳಿದಿರುತ್ತಾರೆ. ಬ್ರಾಹ್ಮಿಯನ್ನು ಓದಿದವರು ಯಾರು? ಜೇಮ್ಸ್ ಪ್ರಿನ್ಸೆಪ್, 1838ರಲ್ಲಿ, ಅಂದರೆ ಮಸ್ಕಿ ಸಿಗುವುದಕ್ಕೆ 77 ವರ್ಷ ಮೊದಲೇ.

ಮಗಳು ಇಸವಿಗಳನ್ನು ರಾತ್ರಿಯೆಲ್ಲಾ ಉರು ಹೊಡೆಯುತ್ತಾಳೆ, ವಾರಕ್ಕೆ ಮರೆಯುತ್ತಾಳೆ. ಏನು ಮಾಡಬೇಕು?
(ಪಾಲಕರು, ಕುಷ್ಟಗಿ)

ಬಿಡಿ ಇಸವಿ ಯಾರಿಗೂ ನಿಲ್ಲುವುದಿಲ್ಲ, ಸರ. ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದು ಯಾವುದು ಮೊದಲು, ಯಾವುದು ಆಮೇಲೆ ಎಂದು. ಇಸವಿಗಳನ್ನು ಸರಪಳಿಯಾಗಿ ಕಟ್ಟಿಸಿ, ಒಂದು ಕೊಂಡಿಯಿಂದ ಇನ್ನೊಂದಕ್ಕೆ ಏಕೆ ಹೋಯಿತು ಎಂದು ಬಾಯಲ್ಲಿ ಹೇಳಿಸಿ. ಒಂದು ಸರಪಳಿಗೆ ಐದಾರು ಕೊಂಡಿ, ಹೆಚ್ಚು ಬೇಡ.

ರಾಯಚೂರಿನದೇ ಒಂದನ್ನು ತೆಗೆದುಕೊಳ್ಳಿ. 1509 ಕೃಷ್ಣದೇವರಾಯ ಪಟ್ಟಕ್ಕೆ, 1512 ರಾಯಚೂರು ದೋಆಬ್ (ಎರಡು ನದಿಗಳ ನಡುವಿನ ನಾಡು) ವಶ, 1514 ಒಡಿಶಾದ ಅರಸರ ಸೋಲು, 1520 ಬಿಜಾಪುರ ಸುಲ್ತಾನನ ಸೋಲು, 1529 ರಾಯನ ಸಾವು, 1565 ವಿಜಯನಗರದ ಪತನ. ಇಲ್ಲಿ ನಮ್ಮ ಕಡೆಯ ಮಕ್ಕಳು ಎಡವುವ ಜಾಗ ಒಂದಿದೆ: ರಾಯಚೂರು ಎಂದ ಕೂಡಲೇ ಅವರ ಬಾಯಿಗೆ ಬರುವುದು 1520ರ ಯುದ್ಧ. ದೋಆಬ್ ಕೈವಶವಾದದ್ದಕ್ಕೆ ಎನ್‌ಸಿಇಆರ್‌ಟಿ ಕೊಡುವುದು 1512. ಪ್ರಶ್ನೆ ಪುಸ್ತಕದಿಂದ ಬರುವುದರಿಂದ ಎರಡನ್ನೂ ಬೇರೆ ಬೇರೆ ಬರೆಸಿ. 1565ರ ಯುದ್ಧಕ್ಕೂ ಎರಡು ಹೆಸರು, ತಾಳಿಕೋಟೆ ಮತ್ತು ರಕ್ಕಸಗಿ-ತಂಗಡಗಿ. ಪುಸ್ತಕದಲ್ಲಿ 'ರಾಕ್ಷಸಿ-ತಂಗಡಿ' ಎಂದಿರುತ್ತದೆ. ಮೂರೂ ಒಂದೇ ಎಂದು ಗೊತ್ತಿರಬೇಕು.

1946ನೇ ಇಸವಿ ಒಂದರಲ್ಲೇ ಬಹಳ ಜನ ಜಾರುತ್ತಾರೆ, ಏಕೆಂದರೆ ಅಲ್ಲಿ ಇಸವಿ ಗೊತ್ತಿದ್ದರೆ ಸಾಲದು, ತಿಂಗಳು ಬೇಕು. ಕ್ಯಾಬಿನೆಟ್ ಆಯೋಗ ಬಂದದ್ದು ಮಾರ್ಚ್, ನೇರ ಕಾರ್ಯಾಚರಣೆ ದಿನ ಆಗಸ್ಟ್ 16, ಸಂವಿಧಾನ ರಚನಾ ಸಭೆಯ ಮೊದಲ ಸಭೆ ಡಿಸೆಂಬರ್ 9, ನೆಹರೂ ಧ್ಯೇಯಗಳ ನಿರ್ಣಯ ಮಂಡಿಸಿದ್ದು ಡಿಸೆಂಬರ್ 13.

ಅಂಚೆ ಕಾರ್ಡಿನಷ್ಟು ದೊಡ್ಡ ರಟ್ಟಿನ ಚೀಟಿಗಳಲ್ಲಿ ಘಟನೆ ಒಂದು ಬದಿ, ಇಸವಿ ಇನ್ನೊಂದು ಬದಿ ಬರೆಯಲಿ. ಘಟನೆಯ ಬದಿ ಮೇಲೆ ಮಾಡಿ ಕಲಸಿ, ಕ್ರಮವಾಗಿ ಜೋಡಿಸಿ, ಆಮೇಲೆ ತಿರುಗಿಸಿ ನೋಡಲಿ. ಮೊದಲ ದಿನ, ಮೂರನೇ ದಿನ, ಹತ್ತನೇ ದಿನ, ತಿಂಗಳ ಮೇಲೆ ಒಮ್ಮೆ. ಪ್ರತಿ ಸಲ ಹದಿನೈದು ನಿಮಿಷ ಸಾಕು. ರಾತ್ರಿಯೆಲ್ಲಾ ಕೂರಿಸಬೇಡಿ.

ನೆಗೆಟಿವ್ ಮಾರ್ಕ್ ಇರುವುದರಿಂದ ಗೊತ್ತಿಲ್ಲದ್ದನ್ನು ಮುಟ್ಟಬಾರದು ಎನ್ನುತ್ತಾರೆ. ಸರಿಯೇ?
(ವಿದ್ಯಾರ್ಥಿನಿ, ಬಳ್ಳಾರಿ)

ಲೆಕ್ಕ ಹಾಕಿ ನೋಡಮ್ಮ. 2025ರಿಂದ ಇತಿಹಾಸದಲ್ಲಿ 50 ಪ್ರಶ್ನೆ, ಎಲ್ಲವೂ ಕಡ್ಡಾಯ, 60 ನಿಮಿಷ. ಸರಿಗೆ 5, ತಪ್ಪಿಗೆ 1 ಕಳೆತ, ಒಟ್ಟು 250. ನಾಲ್ಕು ಆಯ್ಕೆಗಳಲ್ಲಿ ಏನೂ ಗೊತ್ತಿಲ್ಲದೆ ಒತ್ತಿದರೆ ನಾಲ್ಕು ಸಲಕ್ಕೆ ಒಂದು ಸರಿ, ಮೂರು ತಪ್ಪು: 5ರಲ್ಲಿ 3 ಕಳೆದು 2 ಅಂಕ, ಪ್ರಶ್ನೆಗೆ ಸರಾಸರಿ ಅರ್ಧ ಅಂಕ ಲಾಭ. ಒಂದು ಆಯ್ಕೆ ತಪ್ಪೆಂದು ಖಚಿತವಾದರೆ ಸರಾಸರಿ 1 ಅಂಕ, ಎರಡು ತಪ್ಪೆಂದು ಗೊತ್ತಾದರೆ 2 ಅಂಕ. ಆದ್ದರಿಂದ ಒಂದಾದರೂ ಆಯ್ಕೆಯನ್ನು ತೆಗೆದುಹಾಕಲು ಬಂದರೆ ಆ ಪ್ರಶ್ನೆಯನ್ನು ಖಾಲಿ ಬಿಡಲೇಬೇಡಿ. ಮುಟ್ಟಬಾರದು ಎಂಬ ಸಲಹೆ ಈ ಪರೀಕ್ಷೆಗೆ ಹೊಂದುವುದಿಲ್ಲ.

ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು. ನೇರ ಪ್ರಶ್ನೆಗಳನ್ನು 30-40 ಸೆಕೆಂಡಿನಲ್ಲಿ ಮುಗಿಸಿದರೆ ಹೊಂದಿಸಿ ಬರೆಯುವ, ಉದ್ಧೃತ ಭಾಗದ ಪ್ರಶ್ನೆಗಳಿಗೆ ಸಮಯ ಉಳಿಯುತ್ತದೆ. ಹೊಂದಿಸುವಾಗ ನಾಲ್ಕು ಜೋಡಿಯನ್ನೂ ಹುಡುಕಬೇಡಿ. ಖಚಿತವಾಗಿ ಗೊತ್ತಿರುವ ಒಂದು ಜೋಡಿ ಹಿಡಿದರೆ ಎರಡು ಆಯ್ಕೆಯಾದರೂ ಬಿದ್ದುಹೋಗುತ್ತವೆ. ಹೇಳಿಕೆ-ಕಾರಣದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಸರಿಯೇ ಎಂದು ನೋಡಿ, ಆಮೇಲೆ ನಡುವೆ 'ಏಕೆಂದರೆ' ಹಾಕಿ ಓದಿ. 'ಬಂಗಾಳದ ಜಮೀನ್ದಾರರು ಕಂದಾಯ ಬಾಕಿ ಉಳಿಸಿಕೊಂಡರು, ಏಕೆಂದರೆ ಫಸಲು ಹೇಗಿದ್ದರೂ ಗೊತ್ತಾದ ದಿನದ ಸೂರ್ಯಾಸ್ತದೊಳಗೆ ಕಟ್ಟಬೇಕಿತ್ತು' ಎಂದರೆ ಕೂಡುತ್ತದೆ. '...ಏಕೆಂದರೆ 1793ರಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿದ್ದ' ಎಂದರೆ ಎರಡೂ ನಿಜ, ಆದರೆ ಕೂಡುವುದಿಲ್ಲ.

ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಗೆ ಇತಿಹಾಸ ಎಷ್ಟು ಓದಿಸಬೇಕು?
(ಪ್ರೌಢಶಾಲಾ ಶಿಕ್ಷಕಿ, ದೇವದುರ್ಗ)

ಎರಡು ಪತ್ರಿಕೆಗಳಲ್ಲಿ ಎರಡನೆಯದಾದ, ಶಾಲಾ ವಿಷಯಗಳ ಮೇಲಿನ ಸ್ಯಾಟ್‌ನ 90 ಪ್ರಶ್ನೆಗಳಲ್ಲಿ ಸಮಾಜ ವಿಜ್ಞಾನಕ್ಕೆ 35, ವಿಜ್ಞಾನಕ್ಕೆ 35, ಗಣಿತಕ್ಕೆ 20. ಸಮಯ 90 ನಿಮಿಷ, ಋಣಾಂಕ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡದಂತೆ ಮೊದಲೇ ಹೇಳಿ. ಏಳು ಮತ್ತು ಎಂಟನೇ ತರಗತಿಯ ರಾಜ್ಯ ಪಠ್ಯವೇ ಸಾಕು, ದಪ್ಪ ಗೈಡುಗಳು ಬೇಡ. ಎಂಟನೆಯ ಪುಸ್ತಕದ 'ಆಧಾರಗಳು' ಪಾಠವನ್ನು ಚಿಕ್ಕದೆಂದು ಹಾರಿಸಬೇಡಿ. ನಾಣ್ಯ, ಶಾಸನ, ಸಾಹಿತ್ಯ ಎಂದು ಬೇರ್ಪಡಿಸಲು ಅಲ್ಲಿ ಕಲಿತವರಿಗೆ ಮುಂದೆ ಸಿಯುಇಟಿ ಭಾರವಾಗುವುದಿಲ್ಲ.

ಎರಡೂ ಪತ್ರಿಕೆ ಸೇರಿ 40 ಶೇಕಡಾ, ಪರಿಶಿಷ್ಟ ಜಾತಿ, ಪಂಗಡದವರಿಗೆ 32 ಶೇಕಡಾ ಬಂದರೆ ಅರ್ಹತೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರ ಊಟ, ವಸತಿ ಕೊಡುವ ವಸತಿ ಶಾಲೆಯ ಮಕ್ಕಳಿಗೆ ಈ ವೇತನ ಇಲ್ಲ. ಅರ್ಜಿ ತುಂಬುವ ಮೊದಲೇ ಪಾಲಕರಿಗೆ ಇದನ್ನು ತಿಳಿಸಿ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕೊಠಡಿ ಇಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ ಅಂತೆ, ಹೆದರಿಕೆ ಆಗ್ತದ.
(ವಿದ್ಯಾರ್ಥಿ, ಯಲಬುರ್ಗಾ)

ಟೈಪಿಂಗ್ ಬೇಕಿಲ್ಲ, ಎಲ್ಲಾ ಕೆಲಸ ಮೌಸಿನಲ್ಲೇ. ಎನ್‌ಟಿಎ ಜಾಲತಾಣದಲ್ಲಿ ಮಾದರಿ ಪರೀಕ್ಷೆ ಉಚಿತ. ಸೈಬರ್ ಸೆಂಟರಿನಲ್ಲಿ ಒಂದೊಂದು ಗಂಟೆಯಂತೆ ನಾಲ್ಕು ಸಲ ಕುಳಿತರೆ ಕೈ ಪಳಗುತ್ತದೆ. ಮೊಬೈಲಿನಲ್ಲಿ ಮಾಡಿದ ಅಭ್ಯಾಸ ಇದಕ್ಕೆ ಸಾಲದು, ಪರದೆ ದೊಡ್ಡದು, ಮೌಸಿನ ಕೈಚಳಕ ಬೇರೆ.

ಅಂಕ ಹೋಗುವ ಜಾಗ ಒಂದೇ. ಉತ್ತರ ಒತ್ತಿದ ಮೇಲೆ 'ಸೇವ್ ಅಂಡ್ ನೆಕ್ಸ್ಟ್' ಒತ್ತದೆ ಬಲಗಡೆಯ ಪ್ರಶ್ನೆ ಸಂಖ್ಯೆಯ ಮೇಲೆ ಒತ್ತಿದರೆ ಮುಂದಿನ ಪ್ರಶ್ನೆಗೆ ಹೋಗುತ್ತೀರಿ, ಹಿಂದಿನ ಉತ್ತರ ಉಳಿಯುವುದಿಲ್ಲ. ಉತ್ತರವನ್ನೂ ಕೊಟ್ಟು ಪುನರ್‌ಪರಿಶೀಲನೆಗೆ ಗುರುತು ಮಾಡಿ ಉಳಿಸಿದ್ದು ಮೌಲ್ಯಮಾಪನಕ್ಕೆ ಬರುತ್ತದೆ. ಉತ್ತರ ಕೊಡದೆ ಬರೀ ಗುರುತು ಮಾಡಿದ್ದಕ್ಕೆ ಸೊನ್ನೆ. ಕೊನೆಯ ಐದು ನಿಮಿಷ ಹೊಸ ಪ್ರಶ್ನೆ ಹಿಡಿಯದೆ ಬಲಗಡೆಯ ಬಣ್ಣಗಳನ್ನು ನೋಡಿ: ಹಸಿರು ಉತ್ತರಿಸಿದ್ದು, ಕೆಂಪು ನೋಡಿ ಬಿಟ್ಟದ್ದು. ಉಳಿದ ಒಂದೊಂದು ಕೆಂಪಿಗೂ ಹೋಗಿ, ಒಂದು ಆಯ್ಕೆಯನ್ನಾದರೂ ತೆಗೆದುಹಾಕಿ, ಉಳಿದದ್ದರಲ್ಲಿ ಒಂದನ್ನು ಒತ್ತಿ ಸೇವ್ ಮಾಡಿ.